ಎಡಗೈಯ ಎಸೆತ

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಮುಂದೆ ಏನು ಮಾಡಬೇಕೆಂಬುದನ್ನು ಹೇಳಿಕೊಡಲು ಹಿರಿಯರಿದ್ದಾರೆ, ಪುರೋಹಿತರಿದ್ದಾರೆ, ಪಂಚಾಂಗವಿದೆ. ಯಾರಿಗೆ ಎಷ್ಟು ದಿನ ಸೂತಕ, ಎಳ್ಳುನೀರು ಬಿಡಬೇಕಾದವರು ಯಾರು, ವರ್ಷಾಂತಿಕ ಯಾವ ತಿಥಿಗೆ ಎಂಬುದೆಲ್ಲ ಮೊದಲೇ ಗೊತ್ತಾಗಿರುವ ಸಂಗತಿ. ಈ ವಿಧಿಗಳು ದುಃಖವನ್ನು ಕಳೆಯಲಾರವು, ನಿಜ. ಆದರೂ ದುಃಖಪಡುವವನ ಕೈಗೆ ಒಂದು ಕೆಲಸವನ್ನು ಕೊಡುತ್ತವೆ. ಆದರೆ ತೀರಿಕೊಂಡವನು ರಕ್ತಸಂಬಂಧಿಯಲ್ಲ, ನೆರೆಹೊರೆಯವನಲ್ಲ, ಒಂದು ದಿನವಾದರೂ ಎದುರಿಗೆ ನಿಂತು ಮಾತನಾಡಿದವನಲ್ಲ. ಸಾವಿರಾರು ಜನರ ನಡುವೆ ಕುಳಿತು ದೂರದಿಂದ ಕಂಡು ಮೆಚ್ಚಿಕೊಂಡ ಒಬ್ಬ ಆಟಗಾರ ಎಂದಿಟ್ಟುಕೊಂಡರೆ? ಅವನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಆ ಜನರ ಕಣ್ಣೆದುರಿಗೇ ಕುಸಿದು ಬಿದ್ದು ಇಲ್ಲವಾದರೆ? ಅವರು ಆಚರಿಸಬೇಕಾದ ಸೂತಕ ಯಾವುದು? ಅವರ ಕೈಗೆ ಕೆಲಸ ಕೊಡುವವರು ಯಾರು?

1990ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಕೆಲವು ಸಾವಿರ ಜನರಿಗೆ ಈ ಪ್ರಶ್ನೆ ಎದುರಾಯಿತು. ತೀರಿಕೊಂಡವನು ಲೊಯೋಲಾ ಮೇರಿಮೌಂಟ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡದ ಹ್ಯಾಂಕ್ ಗ್ಯಾದರ್ಸ್. ಅವನ ಆಟವನ್ನು ಕಂಡವರು ಅವನನ್ನು ಇಂದಿಗೂ ಮರೆತಿಲ್ಲ. ಆದರೆ ಅವರು ನೆನಪಿನ ಗಂಟನ್ನು ಬಿಚ್ಚಿದಾಗ ಮೇಲಕ್ಕೆ ಬರುವುದು ಅವನು ಗಳಿಸಿದ ಅಂಕಗಳ ಲೆಕ್ಕವಲ್ಲ. ಅವನು ಸತ್ತ ಹನ್ನೆರಡು ದಿನಗಳ ಮೇಲೆ ಅವನ ಗೆಳೆಯನೊಬ್ಬ ಎಡಗೈಯಿಂದ ಎಸೆದ ಒಂದು ಚೆಂಡಿನ ಕಥೆ.

ಬ್ಯಾಸ್ಕೆಟ್‌ಬಾಲ್ ಆಟ ಓದುಗರಿಗೆ ಅಪರಿಚಿತವೇನಲ್ಲ. ಹೈಸ್ಕೂಲಿನ ಮೈದಾನದ ಒಂದು ಮಗ್ಗುಲಲ್ಲಿ ಎದುರು ಬದುರಾಗಿ ಎರಡು ಕಂಬ, ಕಂಬದ ನೆತ್ತಿಗೆ ಹಲಗೆ, ಹಲಗೆಗೆ ಹತ್ತು ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ — ಇಷ್ಟನ್ನು ಕಾಣದವರಾರು? 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಹುಡುಗರನ್ನು ಮನೆಯೊಳಗೇ ಆಡಿಸುವುದಕ್ಕಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿಸಿ ಹೂಡಿದ ಆಟ ಇದು. ಆಟದುದ್ದಕ್ಕೂ ಓಟ, ನೆಗೆತ, ತಳ್ಳಾಟ. ಆದರೆ ಇದರಲ್ಲಿ ಒಂದೇ ಒಂದು ಗಳಿಗೆ ಎಲ್ಲವೂ ಸ್ತಬ್ಧವಾಗುತ್ತದೆ. ಎದುರು ಪಕ್ಷದವನು ನಿಯಮ ಮೀರಿ ಮೈಮೇಲೆ ಬಿದ್ದರೆ, ಪೆಟ್ಟು ತಿಂದವನು ಹಲಗೆಯಿಂದ ಹದಿನೈದು ಅಡಿ ದೂರದ ಗೆರೆಯ ಹಿಂದೆ ಒಬ್ಬನೇ ನಿಂತು ಚೆಂಡನ್ನು ಬುಟ್ಟಿಗೆ ಎಸೆಯಬಹುದು. ಯಾರೂ ಅಡ್ಡ ಬರುವಂತಿಲ್ಲ, ಕೈ ಎತ್ತುವಂತಿಲ್ಲ. ಇದಕ್ಕೆ ಫ್ರೀ ಥ್ರೋ ಎಂದು ಹೆಸರು. ಇದಕ್ಕಿಂತ ಸುಲಭವಾದ ಎಸೆತ ಆಟದಲ್ಲಿ ಬೇರೊಂದಿಲ್ಲ. ಆದರೂ ಸಾವಿರಾರು ಕಣ್ಣುಗಳು ತನ್ನೊಬ್ಬನ ಮೇಲೆಯೇ ನೆಟ್ಟಿರುವಾಗ, ಓಡಿ ಬಂದ ಮೈಯ ಏದುಸಿರು ಇನ್ನೂ ಆರದಿರುವಾಗ, ಸುಲಭವಾದದ್ದನ್ನು ತಪ್ಪದೆ ಮಾಡಿ ತೋರಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

ಹ್ಯಾಂಕ್ ಗ್ಯಾದರ್ಸ್ ಆ ಕಷ್ಟವನ್ನು ಬಲ್ಲವನಾಗಿದ್ದನು. ಎದುರಾಳಿಗಳ ಗುಂಪನ್ನು ಭೇದಿಸಿ, ಅವರ ತಲೆಗಳ ಮೇಲೆ ಕೈಚಾಚಿ ಚೆಂಡನ್ನು ಬುಟ್ಟಿಗೆ ತುರುಕುವುದು ಅವನಿಗೆ ನೀರು ಕುಡಿದಂತೆ. ಆದರೆ ಆ ಗೆರೆಯ ಹಿಂದೆ ಒಂಟಿಯಾಗಿ ನಿಂತನೆಂದರೆ ಅವನ ಗುರಿ ತಪ್ಪುತ್ತಿತ್ತು. ಆಟದ ಇನ್ನೆಲ್ಲ ವಿದ್ಯೆಯೂ ಕೈವಶವಾಗಿದ್ದವನಿಗೆ ಎಳೆಯ ಹುಡುಗರೂ ಮಾಡಬಲ್ಲ ಈ ಒಂದು ಕೆಲಸ ಮಾತ್ರ ಒಲಿಯಲಿಲ್ಲ. ಅಭ್ಯಾಸದಿಂದ ಫಲ ಕಾಣದಾಗ ಅವನು ಒಂದು ವಿಚಿತ್ರವಾದ ಉಪಾಯವನ್ನು ಹಿಡಿದನು. ಸ್ವಭಾವತಃ ಬಲಗೈಯವನಾದ ಅವನು ಫ್ರೀ ಥ್ರೋವನ್ನು ಎಡಗೈಯಿಂದ ಎಸೆಯತೊಡಗಿದನು. ಕಂಡವರಿಗೆ ನಗು ಬಂದಿದ್ದರೂ ಬಂದಿರಬಹುದು. ಅವನಿಗೆ ನಾಚಿಕೆಯಿರಲಿಲ್ಲ. ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬನೆನಿಸಿಕೊಂಡವನು ಸಾವಿರಾರು ಜನರ ಮುಂದೆ, ತನಗೆ ಬಾರದ ವಿದ್ಯೆಯನ್ನು, ಬಾರದ ಕೈಯಿಂದ, ಮೊದಲ ಪಾಠದಂತೆ ಕಲಿಯುತ್ತಿದ್ದನು.

ಅವನು ಹುಟ್ಟಿದ್ದು 1967ರ ಫೆಬ್ರವರಿ 11ರಂದು, ಅಮೆರಿಕದ ಪೂರ್ವದಲ್ಲಿರುವ ಫಿಲಡೆಲ್ಫಿಯಾ ನಗರದಲ್ಲಿ. ಆ ನಗರದ ಉತ್ತರ ಭಾಗದಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿಸಿದ ರೇಮಂಡ್ ರೋಸೆನ್ ಎಂಬ ವಸತಿಗಳಲ್ಲಿ ಕರಿಯರ ಸಂಸಾರಗಳು ತುಂಬಿಕೊಂಡಿದ್ದವು. ಬಡತನವೂ ಬೀದಿಯ ಭಯವೂ ಜೊತೆಜೊತೆಯಾಗಿ ಬೆಳೆದ ಜಾಗ ಅದು. ಅಲ್ಲಿಯ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಸಂಜೆಯ ವಿನೋದ ಮಾತ್ರವಲ್ಲ, ಹೊರಕ್ಕೆ ಹೋಗುವ ಒಂದು ಬಾಗಿಲು. ಹ್ಯಾಂಕ್ ಆ ಬಾಗಿಲನ್ನು ಬಲವಾಗಿ ತಟ್ಟಿದನು. ಡಾಬಿನ್ಸ್ ಎಂಬ ವೃತ್ತಿಶಿಕ್ಷಣದ ಹೈಸ್ಕೂಲಿನಲ್ಲಿ ಅವನಿಗೆ ಬೋ ಕಿಂಬಲ್ ಎಂಬ ಜೊತೆಗಾರ ದೊರಕಿದನು. ಕಿಂಬಲ್‌ನದು ಕುಶಲವಾದ ಕೈ, ದೂರದಿಂದ ಗುರಿಯಿಟ್ಟು ಹೊಡೆಯುವ ಆಟ. ಗ್ಯಾದರ್ಸ್‌ನದು ಮೈಬಲದ, ಹಟದ ಆಟ. ಇಬ್ಬರೂ ಕೂಡಿ 1985ರಲ್ಲಿ ತಮ್ಮ ಶಾಲೆಗೆ ನಗರದ ಸರ್ಕಾರಿ ಶಾಲೆಗಳ ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಅದೇ ವರ್ಷ ಕೂಡಿಯೇ ಊರು ಬಿಟ್ಟು, ಖಂಡದ ಇನ್ನೊಂದು ತುದಿಯಲ್ಲಿರುವ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿ ಅವರ ವಾಸ ಒಂದೇ ವರ್ಷದ್ದು. ಅವರನ್ನು ಕರೆತಂದ ತರಬೇತುದಾರರು ಹೋಗಿ ಬೇರೊಬ್ಬರು ಬಂದರು. ಗೆಳೆಯರಿಬ್ಬರೂ ಹೊರಬಿದ್ದು ಅದೇ ನಗರದ ಲೊಯೋಲಾ ಮೇರಿಮೌಂಟ್ ಎಂಬ ಚಿಕ್ಕ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯಕ್ಕೆ ಸೇರಿಕೊಂಡರು. ವಿಶ್ವವಿದ್ಯಾನಿಲಯ ಬದಲಾಯಿಸಿದವರು ಒಂದು ವರ್ಷ ಆಡಕೂಡದೆಂಬುದು ಅಂದಿನ ನಿಯಮ. ಆ ವರ್ಷವನ್ನು ಅಭ್ಯಾಸದಲ್ಲಿ ಕಳೆದು 1987ರ ಕೊನೆಗೆ ಅವರು ಅಂಕಣಕ್ಕಿಳಿದಾಗ, ಅಮೆರಿಕದ ಕಾಲೇಜುಗಳು ಅದುವರೆಗೆ ಕಾಣದಿದ್ದ ಆಟವೊಂದು ಆರಂಭವಾಯಿತು.

ಆ ಆಟದ ಸೂತ್ರಧಾರರು ಪಾಲ್ ವೆಸ್ಟ್‌ಹೆಡ್. ಅವರೂ ಫಿಲಡೆಲ್ಫಿಯಾದವರೇ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ ಷೇಕ್ಸ್‌ಪಿಯರನನ್ನು ಪಾಠ ಹೇಳಿದವರು. 1980ರಲ್ಲಿ ಲಾಸ್ ಏಂಜಲೀಸಿನ ವೃತ್ತಿಪರ ತಂಡವಾದ ಲೇಕರ್ಸ್‌ಗೆ ರಾಷ್ಟ್ರದ ಪ್ರಶಸ್ತಿಯನ್ನು ತಂದುಕೊಟ್ಟವರು. ಚೆಂಡು ಕೈಗೆ ಬಂದ ನಲವತ್ತೈದು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕೆಂದು ಅಂದಿನ ಕಾಲೇಜು ಆಟದ ಕಟ್ಟಳೆಯಿತ್ತು. ಇತರ ತಂಡಗಳು ಆ ಅವಧಿಯನ್ನು ಜಿಪುಣನ ದುಡ್ಡಿನಂತೆ ಎಣಿಸಿ ಎಣಿಸಿ ಖರ್ಚುಮಾಡುತ್ತಿದ್ದವು. ವೆಸ್ಟ್‌ಹೆಡ್ ಅವರಿಗೆ ಏಳೆಂಟು ಸೆಕೆಂಡು ಸಾಕು. ಚೆಂಡು ಸಿಕ್ಕಿದೊಡನೆ ಓಡು, ಎಸೆ. ಬಿದ್ದರೂ ಸರಿ, ಬೀಳದಿದ್ದರೂ ಸರಿ, ಅಂಕಣದ ಉದ್ದಕ್ಕೂ ಎದುರಾಳಿಯ ಬೆನ್ನು ಹತ್ತಿ ಮತ್ತೆ ಚೆಂಡನ್ನು ಕಸಿದುಕೋ, ಮತ್ತೆ ಓಡು — ನಲವತ್ತು ನಿಮಿಷಗಳ ಕಾಲ ಇದೇ ಮಂತ್ರ. ಎದುರಾಳಿಗಳು ಸೋಲುವುದಕ್ಕೆ ಮುಂಚೆ ದಣಿಯುತ್ತಿದ್ದರು. 1989-90ರ ಸಾಲಿನಲ್ಲಿ ಈ ತಂಡ ಒಂದು ಪಂದ್ಯಕ್ಕೆ ಸರಾಸರಿ 122.4 ಅಂಕಗಳನ್ನು ಗಳಿಸಿ ದಾಖಲೆ ಮಾಡಿತು.

ಈ ಓಟದ ನಡುವೆ ಎಲ್ಲರ ಕಣ್ಣೂ ಹುಡುಕುತ್ತಿದ್ದುದು 44ನೆಯ ಅಂಕಿಯ ಅಂಗಿಯನ್ನು. ಆರು ಅಡಿ ಏಳು ಅಂಗುಲದ ಗ್ಯಾದರ್ಸ್ ಈ ಆಟದ ಲೆಕ್ಕದಲ್ಲಿ ಬಹಳ ಎತ್ತರದವನೇನಲ್ಲ. ತನಗಿಂತ ಎತ್ತರದವರ ನಡುವೆ ನುಗ್ಗಿ, ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಅವರಿಗಿಂತ ಮೊದಲು ಹಿಡಿಯುವುದು ಅವನ ವಿಶೇಷ. ಇದು ಎತ್ತರದ ಕೆಲಸವಲ್ಲ, ಬೇಕೆಂಬ ಛಲದ ಕೆಲಸ. ಒಮ್ಮೆ ನೆಗೆದು ಸಿಕ್ಕದಿದ್ದರೆ ಎರಡನೆಯ ಸಲ, ಮೂರನೆಯ ಸಲ ನೆಗೆಯುತ್ತಿದ್ದನು. 1988-89ರ ಸಾಲಿನಲ್ಲಿ ಅವನು ಪಂದ್ಯಕ್ಕೆ ಸರಾಸರಿ 32.7 ಅಂಕಗಳನ್ನು ಗಳಿಸಿ, 13.7 ಸಲ ಹೀಗೆ ಪುಟಿದ ಚೆಂಡನ್ನು ಹಿಡಿದು, ಎರಡರಲ್ಲಿಯೂ ಇಡೀ ದೇಶಕ್ಕೆ ಮೊದಲಿಗನಾದನು. ಉನ್ನತ ಶ್ರೇಣಿಯ ಕಾಲೇಜು ಆಟದಲ್ಲಿ ಒಂದೇ ವರ್ಷ ಎರಡೂ ಗೌರವಗಳನ್ನು ಪಡೆದವರು ಅವನಿಗೆ ಮೊದಲು ಒಬ್ಬರೇ ಇದ್ದರು.

ವಿಶ್ವವಿದ್ಯಾನಿಲಯದ ಕ್ರೀಡಾಮಂದಿರದ ಹೆಸರು ಗರ್ಸ್ಟನ್ ಪೆವಿಲಿಯನ್. 1984ರ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವ ಸ್ಪರ್ಧೆಗಳು ನಡೆದದ್ದು ಇದರಲ್ಲಿಯೇ. ನಾಲ್ಕು ಸಾವಿರದಷ್ಟು ಜನ ಹಿಡಿಸುವ ಈ ಮಂದಿರ ಅಮೆರಿಕದ ಮಾನದಿಂದ ನೋಡಿದರೆ ಪುಟ್ಟದು. ಪುಟ್ಟದಾದ್ದರಿಂದಲೇ ಆಟಗಾರನ ಉಸಿರಾಟ ಮುಂದಿನ ಸಾಲಿನವರಿಗೆ ಕೇಳಿಸುತ್ತಿತ್ತು. ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಜನ ಎದ್ದು ನಿಲ್ಲುತ್ತಿದ್ದರು. ಈ ತಂಡದ ಆಟವನ್ನು ನೋಡಬಂದವರಿಗೆ ಕುಳಿತುಕೊಳ್ಳಲು ಬಿಡುವೇ ಇರುತ್ತಿರಲಿಲ್ಲ. ಇನ್ನೂ ಬೇಗ, ಇನ್ನೂ ಬೇಗ ಎಂಬುದೇ ಅವರ ಕೂಗಾಗಿತ್ತು.

1989ರ ಡಿಸೆಂಬರ್ 9ರಂದು ಅದೇ ಮಂದಿರದಲ್ಲಿ ಸಾಂಟಾ ಬಾರ್ಬರಾ ತಂಡದೊಡನೆ ಪಂದ್ಯ. ಗ್ಯಾದರ್ಸ್ ಫ್ರೀ ಥ್ರೋ ಗೆರೆಯಲ್ಲಿ ನಿಂತಿದ್ದವನು ಇದ್ದಕ್ಕಿದ್ದಂತೆ ಕುಸಿದನು. ವೈದ್ಯರು ಪರೀಕ್ಷಿಸಿದಾಗ ಅವನ ಹೃದಯದ ಬಡಿತದಲ್ಲಿ ವ್ಯತ್ಯಾಸ ಕಂಡುಬಂದಿತು. ಹೃದಯವನ್ನು ಹತೋಟಿಯಲ್ಲಿಡುವ ಇಂಡೆರಾಲ್ ಎಂಬ ಔಷಧವನ್ನು ಕೊಟ್ಟರು. ಕೆಲವೇ ವಾರಗಳಲ್ಲಿ ಅವನು ಅಂಕಣಕ್ಕೆ ಮರಳಿದನು. ಆದರೆ ಆ ಔಷಧದ ಗುಣವೇ ಹೃದಯವನ್ನು ನಿಧಾನಗೊಳಿಸುವುದು. ಅವನ ಆಟದ ಪ್ರಾಣವೇ ವೇಗ. ಮೈ ಭಾರವಾಗುತ್ತದೆ, ಕಾಲು ಮೊದಲಿನಂತೆ ಏಳುವುದಿಲ್ಲ ಎಂದು ಅವನಿಗೆ ಅನಿಸತೊಡಗಿತು. ಬೇಸಗೆಗೆ ಅವನ ಓದು ಮುಗಿಯಬೇಕು. ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಕಾಲವೂ ಅದೇ. ಫಿಲಡೆಲ್ಫಿಯಾದ ಬಡವರ ವಸತಿಯಿಂದ ಬಂದ ಹುಡುಗನಿಗೆ ಆ ಆಯ್ಕೆ ಎಂದರೆ ತನ್ನೊಬ್ಬನ ಭಾಗ್ಯವಲ್ಲ, ಇಡೀ ಮನೆಯ ಭಾಗ್ಯ. ಔಷಧದ ಪ್ರಮಾಣ ಹಂತಹಂತವಾಗಿ ಕಡಿಮೆಯಾಯಿತು.

1990ರ ಫೆಬ್ರವರಿ 3ರಂದು ತಂಡ ಲೂಯಿಸಿಯಾನಾ ರಾಜ್ಯದ ವಿಶ್ವವಿದ್ಯಾನಿಲಯದ ಮೇಲೆ ಆಡಲು ಹೋಯಿತು. ಅಲ್ಲಿ ಎದುರು ನಿಂತವನು ಮುಂದೆ ಜಗತ್ಪ್ರಸಿದ್ಧನಾದ, ಏಳಡಿಯನ್ನು ಮೀರಿದ ಷಕೀಲ್ ಓನೀಲ್. ಆ ದೈತ್ಯನ ಎದುರಿಗೆ ಗ್ಯಾದರ್ಸ್ 48 ಅಂಕಗಳನ್ನು ಗಳಿಸಿದನು. ಪಂದ್ಯ ಹೆಚ್ಚಿನ ಅವಧಿಗೆ ಹೋಗಿ 148-141ರಲ್ಲಿ ಲೊಯೋಲಾ ಸೋತಿತು. ಆದರೆ ಹ್ಯಾಂಕ್ ಮೊದಲಿನಂತಾದನೆಂದು ಅಭಿಮಾನಿಗಳು ಹಿಗ್ಗಿದರು. ಡಿಸೆಂಬರಿನ ದಿನ ಒಂದು ಕೆಟ್ಟ ಕನಸಿನಂತೆ ಹಿಂದಕ್ಕೆ ಸರಿಯಿತು. ಕಂಡದ್ದನ್ನು ಕಾಣದಂತೆ ಮರೆಯುವುದು ಪ್ರೀತಿಗೂ ಉಂಟು. ಅದು ಮೋಸವಲ್ಲ, ಆಸೆ.

ಮಾರ್ಚ್ 4, ಭಾನುವಾರ. ಗರ್ಸ್ಟನ್ ಪೆವಿಲಿಯನ್‌ನಲ್ಲಿ ಪೋರ್ಟ್‌ಲೆಂಡ್ ತಂಡದೊಡನೆ ವಲಯದ ಸೆಮಿಫೈನಲ್ ಪಂದ್ಯ. ಪ್ರೇಕ್ಷಕರ ನಡುವೆ ಹ್ಯಾಂಕನ ತಾಯಿಯೂ ಇದ್ದರು. ಆಟ ಶುರುವಾಗಿ ಏಳು ನಿಮಿಷ ಕೂಡ ಕಳೆದಿರಲಿಲ್ಲ. ಟೆರೆಲ್ ಲೌರಿ ದೂರದಿಂದ ಬುಟ್ಟಿಯ ಕಡೆಗೆ ಚೆಂಡನ್ನು ಎತ್ತರಕ್ಕೆ ತೂರಿದನು. ಹ್ಯಾಂಕ್ ನೆಗೆದು ಗಾಳಿಯಲ್ಲಿಯೇ ಅದನ್ನು ಹಿಡಿದು ಬುಟ್ಟಿಗೆ ತುರುಕಿದನು. ಮಂದಿರವೆಲ್ಲ ಎದ್ದು ನಿಂತಿತು. ಅಂಕ 25-13. ಅವನು ಹಿಂದಕ್ಕೆ ಬಂದು ಅಂಕಣದ ನಡುವಿನಲ್ಲಿ ತನ್ನ ಜಾಗದಲ್ಲಿ ನಿಂತನು. ನಿಂತವನು ಹಾಗೆಯೇ ಕುಸಿದನು. ಒಮ್ಮೆ ಏಳುವುದಕ್ಕೆ ಪ್ರಯತ್ನಿಸಿದನು. ಆಗಲಿಲ್ಲ. ತಾಯಿ ಮೆಟ್ಟಿಲುಗಳನ್ನಿಳಿದು ಮಗನ ಬಳಿಗೆ ಓಡಿದರು. ಕೂಗುತ್ತಿದ್ದ ನಾಲ್ಕು ಸಾವಿರ ಗಂಟಲುಗಳು ಒಟ್ಟಿಗೆ ನಿಂತುಹೋದವು. ಆಸ್ಪತ್ರೆಯಲ್ಲಿ ಅವನು ತೀರಿಕೊಂಡಿರುವನೆಂದು ವೈದ್ಯರು ಸಾರಿದರು. ಹೃದಯದ ಸ್ನಾಯುವಿಗೆ ತಗುಲಿದ್ದ ರೋಗವೇ ಅವನನ್ನು ಕೊಂದಿತೆಂದು ಆಮೇಲೆ ತಿಳಿದುಬಂದಿತು.

ಮೊನ್ನೆ ಮೊನ್ನೆ ಕುಸಿದು ಬಿದ್ದವನನ್ನು ಆಡಗೊಟ್ಟದ್ದು ಸರಿಯೇ? ಔಷಧವನ್ನು ಇಳಿಸಿದ್ದು ಯುಕ್ತವೇ? ಅಂಕಣದಲ್ಲಿ ಅವನಿಗೆ ಸಿಕ್ಕಬೇಕಾದ ಉಪಚಾರ ಸಕಾಲಕ್ಕೆ ಸಿಕ್ಕಿತೇ? ಈ ಪ್ರಶ್ನೆಗಳು ನ್ಯಾಯಾಲಯದ ಮೆಟ್ಟಿಲನ್ನೇರಿದವು. ಕೊನೆಗೆ ಹಣದ ಮೂಲಕ ರಾಜಿಯಾಯಿತು. ರಾಜಿಯಿಂದ ಮೊಕದ್ದಮೆ ಮುಗಿಯುತ್ತದೆ, ಪ್ರಶ್ನೆ ಮುಗಿಯುವುದಿಲ್ಲ. ಮಂದಿರದಲ್ಲಿ ಕುಳಿತಿದ್ದವರಿಗಂತೂ ಯಾವ ನ್ಯಾಯಾಲಯವೂ ಕೇಳದ ಇನ್ನೊಂದು ಪ್ರಶ್ನೆ ಉಳಿಯಿತು. ಇನ್ನೂ ಬೇಗ ಎಂದು ಕೂಗಿದವರು ಯಾರು? ಮೈ ಭಾರವಾಯಿತೆಂದು ಹುಡುಗ ಚಿಂತಿಸಿದ್ದು ಯಾರ ಚಪ್ಪಾಳೆ ಕಡಿಮೆಯಾದೀತೆಂದು? ಹಾಗೆಂದು ಅಭಿಮಾನಿಗಳ ಮೇಲೆ ಕೊಲೆಯ ಪಾಪವನ್ನು ಹೊರಿಸುವುದು ಅನ್ಯಾಯ. ಅವರು ಪ್ರೀತಿಸಿದರು, ಅಷ್ಟೇ. ಆದರೆ ಅವರು ಪ್ರೀತಿಸಿದ್ದು ಅವನ ವೇಗವನ್ನು. ಆ ವೇಗವೇ ಅವನ ಹೃದಯಕ್ಕೆ ಭಾರವಾಗಿತ್ತು. ಇದನ್ನು ಅರಿತ ಮೇಲೆ ಆ ದಿನದ ಕೊನೆಯ ನೆಗೆತವನ್ನು ಸುಮ್ಮನೆ ಹೊಗಳುವುದು ಮನಸ್ಸಿದ್ದವರಿಗೆ ಸಾಧ್ಯವಾಗುವುದಿಲ್ಲ.

ವಲಯದ ಉಳಿದ ಪಂದ್ಯಗಳನ್ನು ರದ್ದುಮಾಡಿದರು. ತಂಡ ಫಿಲಡೆಲ್ಫಿಯಾಕ್ಕೆ ಹೋಗಿ ಗೆಳೆಯನನ್ನು ಮಣ್ಣಿಗೆ ಒಪ್ಪಿಸಿ ಬಂದಿತು. ಆ ಸಾಲಿನ ಸಾಧನೆಯ ಆಧಾರದ ಮೇಲೆ ಲೊಯೋಲಾಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ಕರೆ ಬಂದಿತ್ತು. ಹೋಗುವುದೋ ಬಿಡುವುದೋ? ಆಟಗಾರರು ಆಡುವುದೆಂದೇ ನಿಶ್ಚಯಿಸಿದರು. ಅವರಲ್ಲಿ ಯಾರಿಗೂ ಇಪ್ಪತ್ತನಾಲ್ಕರ ಆಸುಪಾಸನ್ನು ಮೀರಿದ ವಯಸ್ಸಿರಲಿಲ್ಲ. ಆ ವಯಸ್ಸಿಗೆ ಸಾವಿನೊಡನೆ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಿರುವುದಿಲ್ಲ, ಗೊತ್ತಿರುವುದೆಂದರೆ ಆಟವೊಂದೇ.

ಮಾರ್ಚ್ 16ರಂದು ಲಾಂಗ್ ಬೀಚ್ ನಗರದಲ್ಲಿ ನ್ಯೂ ಮೆಕ್ಸಿಕೋ ಸ್ಟೇಟ್ ತಂಡದೊಡನೆ ಮೊದಲ ಪಂದ್ಯ. ಆ ಸಾಲಿನಲ್ಲಿ ಪಂದ್ಯಕ್ಕೆ ಸರಾಸರಿ 35.3 ಅಂಕಗಳನ್ನು ಗಳಿಸಿ ದೇಶಕ್ಕೆ ಮೊದಲಿಗನಾಗಿದ್ದ ಬೋ ಕಿಂಬಲ್, ಪ್ರತಿ ಪಂದ್ಯದ ತನ್ನ ಮೊದಲ ಫ್ರೀ ಥ್ರೋವನ್ನು ಹ್ಯಾಂಕನ ನೆನಪಿಗಾಗಿ ಎಡಗೈಯಿಂದ ಎಸೆಯುವೆನೆಂದು ಸಂಕಲ್ಪ ಮಾಡಿದ್ದನು. ಕಿಂಬಲ್ ಬಲಗೈಯವನು, ಫ್ರೀ ಥ್ರೋದಲ್ಲಿ ಒಳ್ಳೆಯ ಗುರಿಕಾರ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ. ಸೋತವರು ಮನೆಗೆ ಹೋಗಬೇಕು. ಅಂಥಲ್ಲಿ ಕೈಯಾರೆ ಒಂದು ಅಂಕವನ್ನು ಪಣಕ್ಕಿಡುವುದೆಂದರೆ ಸಣ್ಣ ಮಾತಲ್ಲ.

ಆ ಗಳಿಗೆ ಬಂದಿತು. ಕಿಂಬಲ್ ಗೆರೆಯ ಹಿಂದೆ ನಿಂತನು. ಚೆಂಡು ಬಲಗೈಯಿಂದ ಎಡಗೈಗೆ ಬಂದಿತು. ಪಿತೃಕಾರ್ಯದಲ್ಲಿ ಕರ್ತೃವಾದವನು ಜನಿವಾರವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸಿಕೊಳ್ಳುವುದನ್ನು ಬಲ್ಲ ಓದುಗರಿಗೆ ಈ ಗಳಿಗೆಯ ಅರ್ಥ ಹೊಳೆದೀತು. ದೇವರ ಕಾರ್ಯಕ್ಕೆ ಸವ್ಯ, ಗತಿಸಿದವರ ಕಾರ್ಯಕ್ಕೆ ಅಪಸವ್ಯ. ಎಂದಿನ ರೀತಿಯನ್ನು ತಿರುವಿ ಹಾಕಿದರೆ ಮಾತ್ರ ಕೊಟ್ಟದ್ದು ಹೋದವರಿಗೆ ಮುಟ್ಟುತ್ತದೆಂಬ ಭಾವನೆ. ಫಿಲಡೆಲ್ಫಿಯಾದ ಆ ಹುಡುಗನಿಗೆ ಇದೆಲ್ಲ ತಿಳಿದಿರಲು ಕಾರಣವಿಲ್ಲ. ಆದರೆ ದುಃಖಕ್ಕೆ ತನ್ನದೇ ಆದ ಒಂದು ತಿಳಿವಳಿಕೆಯುಂಟು. ದೇಶ ಯಾವುದಾದರೇನು, ಅದು ತನಗೆ ಬೇಕಾದ ವಿಧಿಯನ್ನು ತಾನೇ ಕಂಡುಕೊಳ್ಳುತ್ತದೆ.

ಚೆಂಡು ಎಡಗೈಯಿಂದ ಹೊರಟು ನೇರವಾಗಿ ಬುಟ್ಟಿಗೆ ಬಿದ್ದಿತು.

ಅಂದು ಕಿಂಬಲ್ 45 ಅಂಕ ಗಳಿಸಿದನು; ಲೊಯೋಲಾ 111-92ರಲ್ಲಿ ಗೆದ್ದಿತು. ಎರಡು ದಿನಗಳ ಮೇಲೆ ಹಿಂದಿನ ವರ್ಷದ ರಾಷ್ಟ್ರವಿಜೇತರಾದ ಮಿಷಿಗನ್ ತಂಡವನ್ನು 149-115ರಲ್ಲಿ ಬಡಿಯಿತು. ಜೆಫ್ ಫ್ರೈಯರ್ ಎಂಬ ಆಟಗಾರ ಮೂರು ಅಂಕಗಳ ದೂರದ ಎಸೆತಗಳನ್ನು ಹನ್ನೊಂದು ಸಲ ಬುಟ್ಟಿಗೆ ಹಾಕಿದ್ದು ಅಂದೇ. ಮುಂದೆ ಓಕ್‌ಲೆಂಡಿನಲ್ಲಿ ಅಲಬಾಮಾ ತಂಡ ಇವರ ಓಟಕ್ಕೆ ಸಿಕ್ಕಿಕೊಳ್ಳದೆ ನಿಧಾನವಾಗಿ ಆಡಿತು. ಆದರೂ ಲೊಯೋಲಾ 62-60ರಲ್ಲಿ ಪಾರಾಯಿತು. ದೇಶದ ಬಹಳಷ್ಟು ಜನ ಹೆಸರನ್ನೇ ಕೇಳಿರದಿದ್ದ ಚಿಕ್ಕ ವಿಶ್ವವಿದ್ಯಾನಿಲಯ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಅಲ್ಲಿ ಲಾಸ್ ವೇಗಸ್ಸಿನ ತಂಡ 131-101ರಲ್ಲಿ ಅವರನ್ನು ಸೋಲಿಸಿ, ಮುಂದೆ ಆ ವರ್ಷದ ಪ್ರಶಸ್ತಿಯನ್ನೂ ಪಡೆಯಿತು. ಪಂದ್ಯ ಪಂದ್ಯಕ್ಕೂ ಕಿಂಬಲ್ ಮೊದಲ ಫ್ರೀ ಥ್ರೋಗೆ ನಿಂತಾಗ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ಎಡಗೈಯ ಎಸೆತಗಳಲ್ಲಿ ಒಂದೂ ತಪ್ಪಲಿಲ್ಲ.

ಸಿನಿಮಾದ ಕಥೆಯಾಗಿದ್ದರೆ ಈ ತಂಡ ಕೊನೆಯ ಪಂದ್ಯವನ್ನೂ ಗೆಲ್ಲಬೇಕಾಗಿತ್ತು. ಗೆಲ್ಲಲಿಲ್ಲ. ಗೆಲ್ಲದಿದ್ದದ್ದೇ ಒಂದು ವಿಧದಲ್ಲಿ ಒಳ್ಳೆಯದಾಯಿತೆನ್ನಬೇಕು. ಗೆದ್ದಿದ್ದರೆ ಜನ ಪ್ರಶಸ್ತಿಯನ್ನು ನೆನೆಯುತ್ತಿದ್ದರು. ಸೋತದ್ದರಿಂದ ಎಸೆತವನ್ನು ನೆನೆಯುತ್ತಾರೆ.

ಅಂದಿನಿಂದ ವರ್ಷಗಳು ಉರುಳಿವೆ. ಹ್ಯಾಂಕ್ ಬೆಳೆದ ವಸತಿಯ ಎತ್ತರದ ಕಟ್ಟಡಗಳನ್ನು 1995ರಲ್ಲಿ ಕೆಡವಿಹಾಕಿದರು. ಆದರೆ ಉತ್ತರ ಫಿಲಡೆಲ್ಫಿಯಾದ ಡೈಮಂಡ್ ಬೀದಿಯಲ್ಲಿ ಮಕ್ಕಳ ಆಟಕ್ಕಾಗಿ ಇರುವ ಮಂದಿರಕ್ಕೆ ಅವನ ಹೆಸರಿಟ್ಟಿದ್ದಾರೆ. ಅದೇ ವಸತಿಯಲ್ಲಿ ಬೆಳೆದು ಅದೇ ಡಾಬಿನ್ಸ್ ಶಾಲೆಯಲ್ಲಿ ಓದಿದ ಡಾನ್ ಸ್ಟೇಲಿ ಎಂಬಾಕೆ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕಗಳನ್ನು ಗೆದ್ದು, ದಕ್ಷಿಣ ಕೆರೋಲಿನಾದ ಮಹಿಳಾ ತಂಡಕ್ಕೆ 2017, 2022 ಮತ್ತು 2024ರಲ್ಲಿ ರಾಷ್ಟ್ರದ ಪ್ರಶಸ್ತಿಯನ್ನು ಗಳಿಸಿಕೊಟ್ಟಿದ್ದಾರೆ. ಹೊರಕ್ಕೆ ಹೋಗುವ ಬಾಗಿಲು ಮುಚ್ಚಿಹೋಗಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಲಾಸ್ ಏಂಜಲೀಸಿನಲ್ಲಿ ಗರ್ಸ್ಟನ್ ಪೆವಿಲಿಯನ್ ಎಂಬ ಹೆಸರು ಕಾಗದಪತ್ರಗಳಿಗೆ ಉಳಿದು, ಅಭಿಮಾನಿಗಳ ಬಾಯಲ್ಲಿ ಅದು 'ಹ್ಯಾಂಕನ ಮನೆ'ಯಾಗಿದೆ. 44ನೆಯ ಅಂಕಿಯ ಅಂಗಿಯನ್ನು ಆ ತಂಡದಲ್ಲಿ ಇನ್ನು ಯಾರೂ ತೊಡುವಂತಿಲ್ಲ. 2020ರ ಫೆಬ್ರವರಿ 29ರಂದು ಆ ಮಂದಿರದ ಹೊರಗೆ ಅವನ ಪ್ರತಿಮೆಯನ್ನು ಅನಾವರಣ ಮಾಡಿದರು. ಅವನು ಹೋಗಿ ಮೂವತ್ತು ವರ್ಷಗಳಾಗಿದ್ದವು. ಬದುಕಿದ್ದರೆ ಅವನಿಗೂ ಐವತ್ತಮೂರು ತುಂಬಿರುತ್ತಿತ್ತು. ವಿದ್ಯಾರ್ಥಿಗಳಾಗಿ ಬೆಂಚುಗಳ ಮೇಲೆ ಹತ್ತಿ ಕೂಗಿದವರು ಈಗ ಕನ್ನಡಕ ಹಾಕಿಕೊಂಡ ನಡುವಯಸ್ಸಿನವರು. ಅವನೊಬ್ಬನಿಗೆ ಮಾತ್ರ ಇಪ್ಪತ್ತಮೂರು.

ಪ್ರತಿಮೆ, ಹೆಸರು, ಅಂಗಿ — ಇವು ಗೌರವದ ಕುರುಹುಗಳು. ಆದರೆ ಅಂದಿನ ಆ ಕೇಳದ ಪ್ರಶ್ನೆಗೆ ಇವು ಉತ್ತರವಲ್ಲ. ಉತ್ತರ ಬೇರೆ ಕಡೆಯಿಂದ ನಿಧಾನವಾಗಿ ಬಂದಿತು. ಯುವ ಕ್ರೀಡಾಳುಗಳ ಹೃದಯವನ್ನು ಹೇಗೆ ಪರೀಕ್ಷಿಸಬೇಕೆಂಬ ಬಗ್ಗೆ ಅಮೆರಿಕದ ಹೃದಯ ಸಂಘ 1996ರಲ್ಲಿ ಸೂಚನೆಗಳನ್ನು ಹೊರಡಿಸಿತು. ನಿಂತ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಪುಟ್ಟ ಯಂತ್ರಗಳು ಆಟದ ಮಂದಿರಗಳಿಗೆ ಬಂದವು. ವೈದ್ಯನಲ್ಲದವನೂ ಅದನ್ನು ಬಳಸಬಹುದು. ಯಂತ್ರವೇ ಏನು ಮಾಡಬೇಕೆಂದು ಹೇಳಿಕೊಡುತ್ತದೆ. ಬೋ ಕಿಂಬಲ್ ಗೆಳೆಯನ ಅಂಕಿಯ ಹೆಸರಿನಲ್ಲಿಯೇ ಒಂದು ಸಂಸ್ಥೆಯನ್ನು ಕಟ್ಟಿ, ಕುಸಿದವರ ಎದೆಯೊತ್ತಿ ಉಸಿರು ಮರಳಿಸುವ ಕ್ರಮವನ್ನೂ ಈ ಯಂತ್ರಗಳ ಬಳಕೆಯನ್ನೂ ಜನರಿಗೆ ತಿಳಿಸುವ ಕೆಲಸಕ್ಕೆ ತೊಡಗಿದನು.

2023ರ ಜುಲೈ 24ರಂದು ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಅಂದರೆ ಹ್ಯಾಂಕ್ ಹದಿನೆಂಟರ ಹುಡುಗನಾಗಿ ಮೊದಲು ಬಂದು ಸೇರಿದ ಅದೇ ವಿಶ್ವವಿದ್ಯಾನಿಲಯದಲ್ಲಿ, ಅಭ್ಯಾಸದ ನಡುವೆ ಹದಿನೆಂಟರ ಹುಡುಗನೊಬ್ಬ ಕುಸಿದನು. ಪ್ರಖ್ಯಾತ ಆಟಗಾರ ಲೆಬ್ರಾನ್ ಜೇಮ್ಸ್ ಅವರ ಹಿರಿಯ ಮಗ ಬ್ರಾನಿ. ಅವನ ಹೃದಯವೂ ನಿಂತಿತ್ತು. ಆದರೆ ಬಳಿಯಲ್ಲಿದ್ದವರು ಕೂಡಲೇ ಉಪಚರಿಸಿದರು, ಹುಡುಗ ಬದುಕಿಕೊಂಡನು. ಹುಟ್ಟಿನಿಂದಲೇ ಇದ್ದ ದೋಷವೆಂದು ಕಂಡುಬಂದು, ಚಿಕಿತ್ಸೆಯಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಮತ್ತೆ ಅಂಕಣಕ್ಕಿಳಿದನು. ಆ ಸುದ್ದಿಯನ್ನು ಓದಿದ ಲೊಯೋಲಾದ ಹಳೆಯ ಅಭಿಮಾನಿಗೆ ಏನನ್ನಿಸಿರಬಹುದು? ಸಂತೋಷವೇ ಸರಿ. ಆದರೆ ಆ ಸಂತೋಷದ ಅಡಿಯಲ್ಲಿ, ಮೂವತ್ತಮೂರು ವರ್ಷಗಳ ಹಿಂದೆ ಏಳಲು ಪ್ರಯತ್ನಿಸಿ ಏಳಲಾರದೆ ಹೋದ ಇನ್ನೊಬ್ಬನ ನೆನಪು ಒಮ್ಮೆ ಮಿಸುಕದೆ ಇದ್ದೀತೆ?

ಹಿರಿಯರನ್ನು ಕಳೆದುಕೊಂಡ ಮನೆಗಳಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ಸತ್ತವರ ದೊಡ್ಡ ಗುಣಗಳು ಮೊದಲ ಕೆಲವು ದಿನಗಳ ಮಾತಿಗೆ ಆಗುತ್ತವೆ. ವರ್ಷಗಳು ಕಳೆದ ಮೇಲೆ ಮನೆಯವರು ನಗುತ್ತ, ಕಣ್ಣೊರೆಸಿಕೊಳ್ಳುತ್ತ ನೆನೆಯುವುದು ಅವರಿಗೆ ಬಾರದಿದ್ದ ಕೆಲಸಗಳನ್ನು — ಅಜ್ಜನಿಗೆ ಕೊನೆಯವರೆಗೂ ಸರಿಯಾಗಿ ಕಟ್ಟಲು ಬಾರದಿದ್ದ ಪೇಟವನ್ನು, ಅತ್ತೆಯ ರಾಗ ತಪ್ಪಿದ ಹಾಡನ್ನು. ಲೊಯೋಲಾದ ಅಭಿಮಾನಿಗಳಿಗೂ ಹಾಗೆಯೇ ಆಯಿತು. ಹ್ಯಾಂಕನ ಬಲವನ್ನು ದಾಖಲೆಯ ಪುಸ್ತಕಗಳು ನೋಡಿಕೊಳ್ಳುತ್ತವೆ. ಅವರು ತಮ್ಮ ಪಾಲಿಗೆ ಇಟ್ಟುಕೊಂಡದ್ದು ಅವನಿಗೆ ಬಾರದಿದ್ದ ಒಂದು ವಿದ್ಯೆಯನ್ನು, ಅದನ್ನು ಕಲಿಯಲು ಅವನು ಪಟ್ಟ ಪಾಡನ್ನು. ಅವನ ವೇಗಕ್ಕೆ ಚಪ್ಪಾಳೆ ತಟ್ಟಿದ ಕೈಗಳಿಗೆ, ಅವನು ನಿಧಾನವಾಗಿ ನಿಂತು, ತಪ್ಪಿ, ಕೈ ಬದಲಾಯಿಸಿ, ಮತ್ತೆ ಎಸೆಯುತ್ತಿದ್ದ ಆ ಗಳಿಗೆಯೇ ಕೊನೆಗೂ ಉಳಿಯಿತು. ಅಲ್ಲಿ ಯಾರೂ ಅವನನ್ನು ಬೇಗ ಬೇಗ ಎಂದು ಕೂಗಿರಲಿಲ್ಲ. ಆ ಗೆರೆಯ ಹಿಂದೆ ನಿಂತವನಿಗೆ ಸಾವಧಾನವಾಗಿ ಒಮ್ಮೆ ಉಸಿರೆಳೆದುಕೊಳ್ಳಲು ಆಟವೇ ಅವಕಾಶ ಕೊಡುತ್ತದೆ.